ಕಣ್ಣಿಗಷ್ಟೇ ಅಲ್ಲ, ನೋಟಕ್ಕೂ ಸಾಮು ಬೇಕು

ಕನ್ನಡಕ ಸರಿಯಾಗಿದೆ, ಆದರೂ ಮೇಜಿನ ಮೇಲಿರುವ ಬೀಗದಕೈ ಕಾಣುವುದಿಲ್ಲ. ಕಣ್ಣನ್ನು ಬೈಯಬೇಡಿ. ಅದು ತಂದುಕೊಟ್ಟದ್ದನ್ನು ಬಿಡಿಸಿ, ಹೋಲಿಸಿ, ನೆನಪಿಡುವುದು ಮಿದುಳಿನ ಕೆಲಸ. ದ, ಧ, ಥ ಅಕ್ಷರಗಳಲ್ಲಿ ಮಗು ತಡವರಿಸುವುದೂ ಹಲವೊಮ್ಮೆ ಇಲ್ಲಿಯೇ.

ಈ ಕೆಲಸ ಅಭ್ಯಾಸದಿಂದ ಪಳಗುತ್ತದೆ. ಅಮೆರಿಕದ ಸಂಶೋಧಕರಾದ ಚೇಸ್ ಮತ್ತು ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚದುರಂಗದ ಹಲಗೆಯನ್ನು 5 ಸೆಕೆಂಡು ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಲು ಹೇಳಿದ್ದರು. ನಿಜವಾದ ಆಟದ ಜೋಡಣೆಯಾದರೆ ನುರಿತ ಆಟಗಾರ ಹೊಸಬನಿಗಿಂತ ಬಹಳ ಮುಂದೆ. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟರೆ ಆ ಮೇಲುಗೈ ಹೆಚ್ಚುಕಡಿಮೆ ಮಾಯ! ಯಾವುದರಲ್ಲಿ ಪಳಗುತ್ತೇವೋ ಅದರಲ್ಲೇ ನೋಟ ಚುರುಕಾಗುತ್ತದೆ ಎಂದಾಯಿತು. ಹಾಗಾಗಿ ಮಿದುಳನ್ನು ಚುರುಕಾಗಿಸುತ್ತೇವೆನ್ನುವ ಆ್ಯಪ್‌ಗಳಿಗೆ ದುಡ್ಡು ಸುರಿಯುವುದು ನನಗಂತೂ ಒಪ್ಪಿಗೆಯಿಲ್ಲ.

ಬದಲಿಗೆ, ನೆರೆಮನೆಯ ಅಂಗಳದ ಚುಕ್ಕಿ ರಂಗೋಲಿಯನ್ನು ಒಂದು ನಿಮಿಷ ನೋಡಿ, ಮನೆಗೆ ಬಂದು ಕಾಗದದ ಮೇಲೆ ಬರೆಯಿರಿ. ಮತ್ತೆ ಹೋಗಿ ಹೋಲಿಸಿ. ಈ ಹೋಲಿಸುವ ಹೆಜ್ಜೆಯನ್ನು ಬಿಟ್ಟರೆ ಲಾಭ ಅರ್ಧ. ಮಕ್ಕಳೊಡನೆ ಪಿಕಳಾರ ಹಕ್ಕಿಗಳನ್ನು ಗುರುತಿಸಿ: ಒಂದಕ್ಕೆ ಚೂಪು ಜುಟ್ಟು, ಕೆನ್ನೆಯಲ್ಲಿ ಕೆಂಪು ಚುಕ್ಕೆ, ಇನ್ನೊಂದಕ್ಕೆ ಮೋಟು ಜುಟ್ಟು, ಬಾಲದ ಬುಡದಲ್ಲಿ ಮಾತ್ರ ಕೆಂಪು.

ಅರವತ್ತು ದಾಟಿದವರು ಅಕ್ಕಿ ಆರಿಸಲಿ, ಆದರೆ ಒಳ್ಳೆಯ ಬೆಳಕಿನಲ್ಲಿ. ವಯಸ್ಸಾದಂತೆ ಕಣ್ಣೊಳಗೆ ಇಳಿಯುವ ಬೆಳಕು ಕಡಿಮೆಯಾಗುತ್ತದೆ. ಪೊರೆ ಬಂದಿದೆಯೇ ಎಂದು ಮೊದಲು ತೋರಿಸಿಕೊಳ್ಳಿ. ಇದ್ದಕ್ಕಿದ್ದಂತೆ ನೋಟ ಕೆಟ್ಟರೆ ಅಭ್ಯಾಸ ಬದಿಗಿಟ್ಟು ಅಂದೇ ವೈದ್ಯರ ಬಳಿ ಹೋಗಿ.