ಹುರುಳಿ ಕಟ್ಟು ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆಯೇ?

ಪ್ರಶ್ನೆ: ನನಗೆ 46 ವರ್ಷ. ಊರು ರಾಯಚೂರು ಕಡೆ, ಈಗ ಹೈದರಾಬಾದಿನ ಕಾಚಿಗುಡದಲ್ಲಿದ್ದೇನೆ. ಸ್ಕ್ಯಾನಿಂಗ್‌ನಲ್ಲಿ ಎಡ ಕಿಡ್ನಿಯಲ್ಲಿ 4 ಮಿ.ಮೀ. ಕಲ್ಲು ಕಂಡಿದೆ. ಸಕ್ಕರೆ ಕಾಯಿಲೆಗೆ ಮಾತ್ರೆಯೂ ನಡೆದಿದೆ. ದಿನಾ ಹುರುಳಿ ಕಟ್ಟು ಕುಡಿ ಎನ್ನುತ್ತಾರೆ ಅತ್ತೆ. ಹಸಿ ಹುರುಳಿ ಹಿಟ್ಟನ್ನು ನೀರಿಗೆ ಕದಡಿ ಕುಡಿದರೆ ಸಕ್ಕರೆಯೂ ಇಳಿಯುತ್ತದಂತೆ, ಪಕ್ಕದ ಮನೆಯವರ ಮಾತು. ಯಾರದನ್ನು ಕೇಳಲಿ?
– ಹೆಸರು ಬೇಡ, ಕಾಚಿಗುಡ

ಉತ್ತರ: ಅತ್ತೆಯವರ ಮಾತು ಅರ್ಧ ಕೇಳಿ, ಪಕ್ಕದ ಮನೆಯವರದು ಬೇಡವೇ ಬೇಡ.

ಇಷ್ಟು ಸಣ್ಣ ಕಲ್ಲು ಕೆಳಗಿಳಿದರೆ ಬಹುತೇಕ ತಾನಾಗಿಯೇ ಮೂತ್ರದಲ್ಲಿ ಹೋಗಿಬಿಡುತ್ತದೆ. ಆ ದಿನಗಳಲ್ಲಿ ಕಟ್ಟು ಕುಡಿಯುತ್ತಿದ್ದರೆ ಹೆಸರು ಹುರುಳಿಗೆ! ಅದು ಕಲ್ಲು ಕರಗಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಕೆಲಸ ಮಾಡುವುದು ಕಟ್ಟಿನ ಜೊತೆ ಹೊಟ್ಟೆ ಸೇರುವ ನೀರು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ. ಇಲ್ಲಿಯ ಮೇ ತಿಂಗಳ ಬಿಸಿಲಿಗೆ ಇನ್ನೂ ಹೆಚ್ಚು ಬೇಕು.

ಹೋಟೆಲಿನ ಉಲವಚಾರು ಬೇರೆ ಕಥೆ. ಹುರುಳಿ ಬೇಯಿಸಿದ ನೀರಿಗೆ ಹುಣಸೆ ಹಿಂಡಿ, ಗಂಟೆಗಟ್ಟಲೆ ಕುದಿಸಿ ಬತ್ತಿಸಿ, ಮೇಲೆ ಕೆನೆ ಬಿಟ್ಟು ಬಿರಿಯಾನಿ ಜೊತೆ ಕೊಡುತ್ತಾರೆ. ರುಚಿಗೆ ನನ್ನ ತಕರಾರಿಲ್ಲ, ತಕರಾರು ಉಪ್ಪಿನದು. ಉಪ್ಪು ಹೆಚ್ಚಿದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಕಲ್ಲು ಬೆಳೆಯಲು ಅದೇ ದಾರಿ. ಹಿಂದೆ ಹಳ್ಳಿಗಳಲ್ಲಿ ಹುರುಳಿ ಬೇಯಿಸಿ ಕಾಳನ್ನು ಎತ್ತಿಗೆ ಇಟ್ಟು, ಬಸಿದ ಕಟ್ಟಿನಲ್ಲಿ ಮನೆಮಂದಿಗೆ ಸಾರು ಮಾಡುತ್ತಿದ್ದರು. ಲಾಭವಾದದ್ದು ಎತ್ತಿಗೆ. ತಾರ್ನಾಕಾದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯಂತೆ 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ನಾರಿನ ಸಮೇತ ಅದರ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಆದ್ದರಿಂದ ಕಟ್ಟಿಗಿಂತ ಕಾಳು ತಿನ್ನಿ.

ಹಸಿ ಹಿಟ್ಟಿನ ವಿಷಯ. ಹಸಿ ಹುರುಳಿಗೆ ಸಕ್ಕರೆ ಏರಿಕೆ ತಡೆಯುವ ಗುಣ ಮೊಳಕೆಗಿಂತ ಹೆಚ್ಚೆಂದು ಹೈದರಾಬಾದಿನದೇ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕಂಡುಕೊಂಡದ್ದು ನಿಜ. ಆದರೆ ಅದು ಪ್ರಯೋಗಾಲಯದ ಕೊಳವೆಯಲ್ಲಿ, ರೋಗಿಯ ಹೊಟ್ಟೆಯಲ್ಲಲ್ಲ. ಹಸಿ ಕಾಳಿನಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶವಿದೆ, ಹೊಟ್ಟೆಯೂ ಉಬ್ಬರಿಸುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬೆರಳಲ್ಲಿ ಹಿಸುಕಿದರೆ ನುಣ್ಣಗಾಗುವವರೆಗೆ ಕುಕ್ಕರಿನಲ್ಲಿ ಬೇಯಿಸಿ. ವಾರಕ್ಕೆ ಎರಡು-ಮೂರು ಸಲ ಒಂದು ಬಟ್ಟಲು ಸಾಕು. ಮಾತ್ರೆ ನಿಲ್ಲಿಸಬೇಡಿ. ಕ್ರಿಯಾಟಿನಿನ್ ಹೆಚ್ಚಿದ್ದರೆ ಮಾತ್ರ ಯಾವ ಕಾಳನ್ನೇ ಆಗಲಿ ನಿಮ್ಮ ವೈದ್ಯರನ್ನು ಕೇಳಿಯೇ ತಿನ್ನಿ.

ಪಕ್ಕೆ ನೋವಿನೊಂದಿಗೆ ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಕಟ್ಟು ಕಾಯಿಸುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.