ಕಿಲೋಮೀಟರಿಗೆ ಎರಡು ರೂಪಾಯಿ

ಹಾಸನ ಬಿಟ್ಟು ಗೊರೂರು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಸುತ್ತಿ ಮತ್ತೆ ಹಾಸನ ಸೇರಿದರೆ ಸುಮಾರು 130 ಕಿಲೋಮೀಟರ್. ಬೆಳಕು ಹರಿಯುವ ಮುಂಚೆ ಹೊರಟರೆ ಸೈಕಲ್ಲಿನಲ್ಲಿ ಒಂದು ದಿನದ ದಾರಿ. ನಾನು ಇಷ್ಟಪಟ್ಟು ತುಳಿಯುವ ಈ ಸುತ್ತಿನ ಖರ್ಚನ್ನು ಇವತ್ತು ಓದುಗರ ಮುಂದಿಡುತ್ತೇನೆ. ಸೈಕಲ್ ಪ್ರವಾಸಕ್ಕೆ ದುಡ್ಡೇ ಬೇಡ ಎನ್ನುವವರೂ, ಅದು ಉಳ್ಳವರ ಹವ್ಯಾಸ ಎನ್ನುವವರೂ ಲೆಕ್ಕ ಬರೆದು ನೋಡಿರುವುದಿಲ್ಲ.

ಬೆಳಗಿನ ಇಡ್ಲಿ, ವಡೆ, ಕಾಫಿಗೆ 70 ರೂಪಾಯಿ. ಬಾಳೆಹಣ್ಣು, ಕಡಲೆಮಿಠಾಯಿಗೆ 60. ಹೊಳೆನರಸೀಪುರದಲ್ಲಿ ಊಟಕ್ಕೆ 100. ಅಲ್ಲಿಂದ ಚನ್ನರಾಯಪಟ್ಟಣದ ಕಡೆಗೆ ತೆಂಗಿನ ತೋಟಗಳ ನಡುವೆ ಬಿಸಿಲು ಏರುವ ಹೊತ್ತಿಗೆ ಎರಡು ಎಳನೀರು, 100. ಅರಕಲಗೂಡಿನ ಸೈಕಲ್ ಶಾಪಿನಲ್ಲಿ ಗಾಳಿ ತುಂಬಿಸಿ, ಚೈನಿಗೆ ಎಣ್ಣೆ ಬಿಡಿಸಿದ್ದಕ್ಕೆ 30. ಒಟ್ಟು 360.

ಹೆಚ್ಚಿನವರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ನನ್ನದು ಇಲ್ಲಿಂದ ಶುರುವಾಗುತ್ತದೆ. ಗೇರ್ ಇರುವ ನನ್ನ ಸೈಕಲ್ಲಿಗೆ 25,000 ರೂಪಾಯಿ ಬಿದ್ದಿದೆ. 20,000 ಕಿಲೋಮೀಟರ್ ಬಾಳುತ್ತದೆ ಎಂದುಕೊಂಡರೆ ಕಿಲೋಮೀಟರಿಗೆ ಒಂದೂಕಾಲು ರೂಪಾಯಿ. ಸವೆಯುವ ಟೈರು, ಚೈನು, ಬ್ರೇಕ್ ಶೂಗಳಿಗೆ ಇನ್ನು ಮುಕ್ಕಾಲು ರೂಪಾಯಿ. ಅಂದರೆ ಕಿಲೋಮೀಟರಿಗೆ ಎರಡು ರೂಪಾಯಿ, ಆ ದಿನದ ಸವಕಳಿ 260. ಮನೆಗೆ ಬಂದು ಸ್ನಾನ ಮಾಡುವ ಮುಂಚೆ ಈ ಹಣವನ್ನು ಬೇರೆ ಉಳಿತಾಯ ಖಾತೆಗೆ ಹಾಕುತ್ತೇನೆ. ಟೈರು ಬದಲಿಸುವ ದಿನ ಸಂಬಳಕ್ಕೆ ಕೈ ಹಾಕಬೇಕಿಲ್ಲ. ಈ ಸೈಕಲ್ ಹಳತಾಗುವ ಹೊತ್ತಿಗೆ ಹೊಸದರ ದುಡ್ಡು ಖಾತೆಯಲ್ಲಿರುತ್ತದೆ, ಕಂತಿನ ಸಾಲ ಬೇಕಾಗುವುದಿಲ್ಲ.

ಹಾಗಾದರೆ ಕಾರಿಗಿಂತ ಅಗ್ಗವೇ? ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ ಇದೇ ಸುತ್ತಿಗೆ 900 ರೂಪಾಯಿಯಷ್ಟು ಪೆಟ್ರೋಲ್ ಬೇಕು. ಒಬ್ಬರೇ ಹೋದರೆ ಸೈಕಲ್ ಅಗ್ಗ. ನಾಲ್ಕು ಜನ ಕೂತರೆ ತಲೆಗೆ 225, ಸೈಕಲ್ಲಿನ ಸವಕಳಿಗಿಂತಲೂ ಕಡಿಮೆ. ಅದಕ್ಕೇ ಅಗ್ಗ ಎಂಬ ಒಂದೇ ಕಾರಣಕ್ಕೆ ಯಾರಿಗೂ ಸೈಕಲ್ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ನನಗೆ ಮುಖ್ಯವಾದದ್ದು ಹಣ ಯಾರ ಕೈ ಸೇರುತ್ತದೆ ಎಂಬುದು. ಕಾರಿನಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ನೋಡಿ ಮುಂದಕ್ಕೆ ಹೋಗಿಬಿಡುತ್ತೇವೆ. ಸೈಕಲ್ಲಿನವನಿಗೆ ಹಸಿವು ಬಾಯಾರಿಕೆ ಊರೂರಿಗೂ ಆಗುತ್ತದೆ. ಖರ್ಚಾದ 360 ರೂಪಾಯಿ ಹೋಟೆಲಿನವರು, ಎಳನೀರಿನವರು, ಪಂಚರ್ ಹಾಕುವವರು ಎಂದು ಇದೇ ತಾಲ್ಲೂಕುಗಳ ಜನರಿಗೆ ಹಂಚಿಹೋಗುತ್ತದೆ. "ಎಲ್ಲಿಂದ ಬಂದ್ರಿ ಸಾರ್, ಕೂತ್ಕೊಳಿ" ಎಂದು ಸ್ಟೂಲು ಎಳೆದುಕೊಟ್ಟ ಅಂಗಡಿಯವರ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಕೊಳ್ಳುವವರಿಗೆ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 20,000 ರೂಪಾಯಿ ಬೆಲೆಯ ಸೈಕಲ್ಲಿಗೆ 1,400 ಉಳಿತಾಯ. ಬಿಲ್ಲಿನಲ್ಲಿ ಅದು ಕಂಡಿದೆಯೇ ನೋಡಿಕೊಳ್ಳಿ. ಉಳಿದ ಹಣಕ್ಕೆ ಒಳ್ಳೆಯ ಹೆಲ್ಮೆಟ್ಟು, ಹಿಂದಿನ ಕೆಂಪು ದೀಪ ತೆಗೆದುಕೊಳ್ಳಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1990ರಿಂದಲೇ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಲಾರಿಗಳ ಪಕ್ಕದಲ್ಲಿ ತುಳಿಯುವಾಗ ಕಾನೂನು ಕೇಳಲಿ ಬಿಡಲಿ, ತಲೆ ನಮ್ಮದು.

ಇನ್ನೊಂದು, ದಿನದ ಖರ್ಚಿಗೆ ಸೇರಿಸದ 1,000 ರೂಪಾಯಿ ನಗದು ಬೇರೆ ಜೇಬಿನಲ್ಲಿರಲಿ. ರಿಮ್ಮು ಬಾಗಿದರೆ, ಮೈ ಸೋತರೆ, ಲಗೇಜ್ ಆಟೋ ಹಿಡಿದು ಹತ್ತಿರದ ಪಟ್ಟಣ ತಲುಪಲು ಅದು. ಆ ಹಣ ಖರ್ಚಾಗದೆ ಮನೆಗೆ ಬಂದರೆ ಮುಂದಿನ ಸುತ್ತಿಗೆ ಹಾಗೇ ಎತ್ತಿಡಿ.

ಮನೆಯಲ್ಲಿ ಸವೆಯುವ ವಸ್ತು ಸೈಕಲ್ ಒಂದೇ ಅಲ್ಲ. ಸ್ಕೂಟರ್, ಮಿಕ್ಸಿ, ಫೋನು, ಬೋರ್‌ವೆಲ್ ಮೋಟಾರು ಎಲ್ಲಕ್ಕೂ ಒಂದು ಆಯಸ್ಸಿದೆ. ಅವು ಕೆಟ್ಟ ದಿನ ಕೈಸಾಲಕ್ಕೆ ಓಡುವ ಬದಲು, ಬಳಸುವ ದಿನಗಳಲ್ಲೇ ಅವುಗಳ ಪಾಲನ್ನು ಎತ್ತಿಡೋಣ. ಈ ತಿಂಗಳು ಒಂದೇ ವಸ್ತುವನ್ನು ಆರಿಸಿ, ಅದರ ಬೆಲೆಯನ್ನು ಅದು ಬಾಳುವ ತಿಂಗಳುಗಳಿಂದ ಭಾಗಿಸಿ, ಬಂದ ಮೊತ್ತವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ.