ಉತ್ತರ ಬೇಡದ ಕರೆ

ದೂರವಾಣಿಯ ಗಂಟೆ ಬಾರಿಸುವುದು ಉತ್ತರವನ್ನು ಪಡೆಯುವುದಕ್ಕಾಗಿ ಎಂಬುದು ಅದನ್ನು ನಿರ್ಮಿಸಿದವರ ಉದ್ದೇಶ. ಆದರೆ ನಮ್ಮ ದೇಶದ ಜನರು, ಯಾರೂ ಉತ್ತರಿಸಬಾರದೆಂದೇ ಗಂಟೆ ಬಾರಿಸುವ ಪದ್ಧತಿಯೊಂದನ್ನು ರೂಢಿಗೆ ತಂದರು. ಇದೇ ಎಲ್ಲರೂ ಬಲ್ಲ ‘ಮಿಸ್ಡ್ ಕಾಲ್’. ಇದು ಹೇಗೆ ಸಾಧ್ಯವಾಯಿತೆಂಬುದನ್ನು ವಿಚಾರಿಸೋಣ.

ನಾವು ಕರೆ ಮಾಡಿದೊಡನೆ ಮೊಬೈಲು ಸಮೀಪದ ಗೋಪುರಕ್ಕೆ ರೇಡಿಯೋ ತರಂಗಗಳ ಮೂಲಕ ಕೋರಿಕೆಯನ್ನು ಕಳುಹಿಸುವುದು. ಕರೆಯಬೇಕಾದ ಮೊಬೈಲು ಯಾವ ಪ್ರದೇಶದಲ್ಲಿದೆಯೆಂಬುದನ್ನು ಜಾಲವು ತನ್ನ ದಾಖಲೆಯಿಂದ ತಿಳಿದು, ಅಲ್ಲಿನ ಗೋಪುರಗಳ ಮೂಲಕ ಅದನ್ನು ಹುಡುಕಿ, ನಮ್ಮ ಸಂಖ್ಯೆಯನ್ನು ತಿಳಿಸಿ, ಗಂಟೆ ಬಾರಿಸುವುದು. ಇಷ್ಟೆಲ್ಲ ಕೆಲಸ ನಡೆದರೂ ಕರೆಯ ದರ ಲೆಕ್ಕಕ್ಕೆ ಬರುವುದು ಉತ್ತರ ದೊರೆತ ಮೇಲೆಯೇ. ಅದಕ್ಕೆ ಮೊದಲೇ ಕರೆಯನ್ನು ಕಡಿದರೆ ಸಂಜ್ಞೆಯೂ ತಲಪುವುದು, ಹಣವೂ ಉಳಿಯುವುದು.

ಈ ಸಂಜ್ಞೆ ಹೊರುವ ಮಾಹಿತಿ ಎಷ್ಟು? 1948ರಲ್ಲಿ ಕ್ಲಾಡ್ ಶಾನನ್ ತೋರಿಸಿಕೊಟ್ಟಂತೆ, ಸಮಾನ ಸಂಭವವುಳ್ಳ ಎರಡು ಸಾಧ್ಯತೆಗಳಲ್ಲಿ ಒಂದನ್ನು ಗೊತ್ತುಪಡಿಸಿದರೆ ದೊರೆಯುವುದು 1 ಬಿಟ್. ಮೌನ, ಒಂದು ಗಂಟೆ, ಎರಡು ಗಂಟೆ ಎಂದು ಮೂರು ಸಾಧ್ಯತೆಗಳಿದ್ದರೆ ಸುಮಾರು 1.58 ಬಿಟ್. ಇಷ್ಟು ಅಲ್ಪವಾದ ಮಾಹಿತಿಗೆ ‘ಸುಖವಾಗಿ ತಲಪಿದೆ’, ‘ಬಾಗಿಲಲ್ಲಿದ್ದೇನೆ’, ‘ನೀವೇ ಕರೆಯಿರಿ’ ಎಂಬ ಅರ್ಥವನ್ನು ತುಂಬುವುದು ಯಂತ್ರವಲ್ಲ. ಇಬ್ಬರ ನಡುವೆ ಮೊದಲೇ ಆಗಿರುವ ಒಡಂಬಡಿಕೆ.

ಈ ಒಡಂಬಡಿಕೆಯ ಹಿಂದೆ ಸಮಾಜದ ನಡೆವಳಿಕೆ ಇರುವುದು. ಭಾರತದಲ್ಲಿ ಮೊಬೈಲ್ ಸೇವೆ ಪ್ರಾರಂಭವಾದ 1995ರಲ್ಲಿ ಬಂದ ಕರೆಗೂ ಹಣ ತೆರಬೇಕಾಗಿತ್ತು. 2003ರಲ್ಲಿ ಆ ಹೊರೆ ತಪ್ಪಿತು. ಅಂದಿನಿಂದ ಮರಳಿ ಕರೆದವನೇ ಪೂರ್ಣ ವೆಚ್ಚವನ್ನು ಹೊರುವಂತಾಯಿತು. ಹಾಗಾದರೆ ಯಾರು ಯಾರಿಗೆ ಮಿಸ್ಡ್ ಕಾಲ್ ಕೊಡಬಹುದು? ಹಾಸ್ಟೆಲಿನ ಮಗ ತಂದೆಗೆ ಕೊಡಬಹುದು. ತಂದೆ ಮಗನಿಗೆ ಕೊಡುವುದು ಅಪರೂಪ. ಆಫ್ರಿಕದ ರುವಾಂಡದಲ್ಲಿಯೂ ಅನುಕೂಲವಂತನೇ ಹಣ ತೆರಬೇಕೆಂಬ ಕಟ್ಟಳೆಯುಂಟೆಂದು ಜೊನಾಥನ್ ಡೋನರ್ 2007ರಲ್ಲಿ ಬರೆದರು. ಕೈಯಲ್ಲಿ ಕಾಸಿಲ್ಲದವನೂ ತನ್ನವರನ್ನು ಕೂಗಿ ಕರೆಯುವ ಹಾದಿ ಇದರಿಂದ ತೆರೆಯಿತು.

ಜನರ ಈ ಉಪಾಯವನ್ನೇ ಬಂಡವಾಳವಾಗಿ ಮಾಡಿಕೊಂಡು ಬೆಂಗಳೂರಿನಲ್ಲಿ ಬೆಳೆದ ಜಿಪ್‌ಡಯಲ್ ಎಂಬ ಸಂಸ್ಥೆಯನ್ನು 2015ರಲ್ಲಿ ಟ್ವಿಟರ್ ಕೊಂಡಿತು. 2016ರ ಅನಂತರ ಮಾತಿನ ದರ ತೀರ ಇಳಿದು, ಹಣ ಉಳಿಸಬೇಕೆಂಬ ಕಾರಣ ಬಹುಮಟ್ಟಿಗೆ ಮರೆಯಾಯಿತು. ಆದರೂ ಬ್ಯಾಂಕಿನ ಖಾತೆಯ ಶಿಲ್ಕನ್ನು ಮಿಸ್ಡ್ ಕಾಲಿನಿಂದ ಅರಿಯುವ ಏರ್ಪಾಡು ಇಂದಿಗೂ ಉಂಟು.

ಆದುದರಿಂದ ಯಾವುದೇ ಉಪಕರಣವನ್ನು ಅಭ್ಯಾಸ ಮಾಡುವಾಗ, ಅದು ಹೇಗೆ ಕೆಲಸ ಮಾಡುವುದೆಂಬ ಪ್ರಶ್ನೆಯ ಜೊತೆಗೆ, ಜನರು ಅದರಿಂದ ಏನು ಕೆಲಸ ಮಾಡಿಸಿಕೊಳ್ಳುವರೆಂಬ ಪ್ರಶ್ನೆಯನ್ನೂ ವಿದ್ಯಾರ್ಥಿಗಳು ಕೇಳಿಕೊಳ್ಳಬೇಕು. ಎರಡನೆಯದಕ್ಕೆ ಉತ್ತರ ಪ್ರಯೋಗಶಾಲೆಯಲ್ಲಿ ದೊರೆಯದು. ಅದನ್ನು ಮನೆಯಲ್ಲಿಯೂ ಬೀದಿಯಲ್ಲಿಯೂ ಹುಡುಕಬೇಕು.